ರೀಫಂಡ್ ವಾಪಸ್ ಕೊಡಲು ಹೋದ ಇಸ್ತ್ರಿ ಅಕ್ಕ

ತೆರಿಗೆ ಇಲಾಖೆ ತಾನಾಗಿ ದುಡ್ಡು ಕಳಿಸಿದರೆ ಬೇಡ ಎನ್ನುವ ಪುಣ್ಯಾತ್ಮರು ಈ ಭೂಮಿಯ ಮೇಲೆ ಇರಲಾರರು ಎಂದು ನೀವು ಅಂದುಕೊಂಡಿದ್ದರೆ, ನಿಮಗೆ ಇಸ್ತ್ರಿ ಅಕ್ಕನ ಪರಿಚಯ ಇಲ್ಲ ಎಂದಾಯಿತು.

ಇಸ್ತ್ರಿ ಅಕ್ಕ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಲ್ಲುವವಳು. ಹೋಟೆಲುಗಳ ದಿಂಬಿನ ಚೀಲ, ಆಸ್ಪತ್ರೆಯ ಕೋಟು, ಆಫೀಸಿಗೆ ಹೋಗುವವರ ಅಂಗಿ, ಎಲ್ಲ ಅವಳ ಕೈಯಿಂದಲೇ ನೆಟ್ಟಗಾಗಿ ಹೊರಬೀಳಬೇಕು. ದಿನವಿಡೀ ಉಗಿಯಲ್ಲಿ ನಿಂತು ಮುಖ ಬೆಂದ ಬದನೆಕಾಯಿಯಂತಾಗಿರುತ್ತಿತ್ತು. ಆದರೂ ಸುಕ್ಕು ಕಂಡರೆ ಅವಳಿಗಾಗದು. ಬಸ್ಸಿನಲ್ಲಿ ಮುಂದೆ ಕೂತವರ ಕಾಲರ್ ಮಡಚಿದ್ದರೆ ಕೈ ಚಾಚಿ ಸರಿಮಾಡಿಬಿಡುವಳು. ಹಾಗೆ ಮಾಡಿ ಎರಡು ಸಲ ಬೈಸಿಕೊಂಡೂ ಇದ್ದಾಳೆ.

ಆ ಲಾಂಡ್ರಿಯಲ್ಲಿ ಒಂದು ಪದ್ಧತಿಯಿತ್ತು. ಬಟ್ಟೆ ಸುಟ್ಟಿತು, ಗುಂಡಿ ಹೋಯಿತು, ಬಣ್ಣ ಬಿಟ್ಟಿತು ಎಂದು ಯಾರಾದರೂ ಗಿರಾಕಿ ಜಗಳಕ್ಕೆ ಬಂದರೆ ಮಾಲೀಕರು ನಗುನಗುತ್ತಾ ದುಡ್ಡು ವಾಪಸ್ ಕೊಡುವರು. ಗಿರಾಕಿ ಮೆಟ್ಟಿಲು ಇಳಿಯುವುದೇ ತಡ, ಗೋಡೆಯ ಕರಿಹಲಗೆಯ ಮೇಲೆ 'ರೀಫಂಡ್' ಎಂದು ಬರೆದು, ಅದರ ಪಕ್ಕದಲ್ಲಿ ತಪ್ಪು ಮಾಡಿದವರ ಹೆಸರು ಬರೆಯುವರು. ತಿಂಗಳ ಕೊನೆಗೆ ಅವರ ಸಂಬಳದಲ್ಲಿ ಅಷ್ಟೂ ಕಟ್. ಡಾಕ್ಟರೊಬ್ಬರ ಬಿಳಿ ಕೋಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿಸಿ ಇಸ್ತ್ರಿ ಅಕ್ಕನೂ ಒಮ್ಮೆ ಆ ಹಲಗೆ ಏರಿದ್ದಳು. ಹೀಗಾಗಿ ರೀಫಂಡ್ ಎಂದರೆ ಅವಳ ಲೆಕ್ಕದಲ್ಲಿ ಒಂದೇ ಅರ್ಥ: ಎಲ್ಲೋ ಯಾರೋ ಏನೋ ಸುಟ್ಟಿದ್ದಾರೆ, ಪಾಪ ಅವರ ಸಂಬಳ ಹೋಯಿತು.

ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಇಸ್ತ್ರಿ ಅಕ್ಕನ ಗಂಡ ತೀರಿಕೊಂಡ ಮೇಲೆ ಮಗಳು ತನ್ನ ಮನೆಗೆ ಬಾ ಎಂದು ಕರೆದರೂ ಅತ್ತೆ ಹೋಗಲಿಲ್ಲ. "ಅಲ್ಲಿ ಎಲ್ಲರೂ ಮೆತ್ತಗೆ ಮಾತಾಡ್ತಾರೆ, ನನಗಾಗಲ್ಲ" ಎಂದುಬಿಟ್ಟಳು. ಅತ್ತೆಯ ನಗು ಅಂಥದ್ದು. ಒಮ್ಮೆ ಶುರುವಾದರೆ ಪಾತ್ರೆಗಳು ಅಲುಗಾಡಬೇಕು. ಮೇಲಿನ ಮನೆಯ ಟೈಲರ್ ಕೋಲು ತೆಗೆದುಕೊಂಡು ನೆಲಕ್ಕೆ ದಬದಬ ಕುಟ್ಟುವನು. ಅದು ಕೇಳಿ ಅತ್ತೆ ಇನ್ನಷ್ಟು ನಗುವಳು.

ಆದರೆ ಹಲ್ಲುಗಳೆಲ್ಲ ಹಾಳಾಗಿ ಕೀಳಿಸಬೇಕಾಗಿ ಬಂದ ಮೇಲೆ ಅತ್ತೆ ಬಾಯಿ ಬಿಟ್ಟು ನಗುವುದನ್ನೇ ನಿಲ್ಲಿಸಿದಳು. ನಗು ಬಂದರೆ ಅಂಗೈ ಅಡ್ಡ ಹಿಡಿದು ತುಟಿ ಬಿಗಿದುಕೊಳ್ಳುವಳು. ಭುಜ ಮಾತ್ರ ಕುಣಿಯುವುದು. ಟೈಲರನ ಕೋಲು ಮೂಲೆ ಸೇರಿತು. ಮನೆಯಲ್ಲಿ ಸದ್ದೇ ಇಲ್ಲದಂತಾಗಿ ಇಸ್ತ್ರಿ ಅಕ್ಕನಿಗೆ ಊಟ ರುಚಿಸುತ್ತಿರಲಿಲ್ಲ. ಹಲ್ಲಿನ ದವಾಖಾನೆಗೆ ಮುಂಗಡ ಕೊಟ್ಟು ಕಟ್ಟುಹಲ್ಲಿನ ಸೆಟ್ ಮಾಡಲು ಹೇಳಿದಳು. ಸೆಟ್ಟೇನೋ ತಯಾರಾಯಿತು, ಬಾಕಿ ದುಡ್ಡು ತಯಾರಾಗಲಿಲ್ಲ. ಹಲ್ಲುಗಳು ದವಾಖಾನೆಯ ಡಬ್ಬಿಯಲ್ಲೇ ಕುಳಿತವು. ಅತ್ತೆ ಸಂಜೆಯ ಹೊತ್ತು ನಡೆದುಕೊಂಡು ಹೋಗಿ, "ನಮ್ಮವು ಚೆನ್ನಾಗಿವೆಯಾ?" ಎಂದು ವಿಚಾರಿಸಿ, ಒಮ್ಮೆ ನೋಡಿಕೊಂಡು ಬರುವಳು.

ಇಂಥ ಹೊತ್ತಿನಲ್ಲಿ ಇಸ್ತ್ರಿ ಅಕ್ಕನ ಬ್ಯಾಂಕ್ ಖಾತೆಗೆ ದುಡ್ಡು ಬಂದು ಬಿತ್ತು. ಎರಡು ತಿಂಗಳ ಸಂಬಳಕ್ಕೂ ಹೆಚ್ಚು! ಹಲ್ಲಿನ ಬಾಕಿ ತೀರಿಸಿ ಇನ್ನೂ ಉಳಿಯುವಷ್ಟು. ಮೊಬೈಲಿನಲ್ಲಿ 'ಆದಾಯ ತೆರಿಗೆ ರೀಫಂಡ್' ಎಂಬ ಸಂದೇಶ. ಇದು ನಾದಿನಿಯ, ಅಂದರೆ ಅತ್ತೆಯ ಆ ಮಗಳ ಕೆಲಸ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಆ ಜಾಣೆ, ಅತ್ತಿಗೆಯ ಸಂಬಳದ ಚೀಟಿಗಳನ್ನು ಇಟ್ಟುಕೊಂಡು ರಿಟರ್ನ್ಸ್ ಸಲ್ಲಿಸಿದ್ದಳು. ಹೇಳಿಯೂ ಇದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದಾಗ ಹೇಳಿದ್ದರಿಂದ ಕಿವಿಗೆ ಬಿದ್ದಿರಲಿಲ್ಲ.

"ಅತ್ತೆ, ಅನಾಹುತ ಆಗಿದೆ" ಎಂದಳು ಇಸ್ತ್ರಿ ಅಕ್ಕ.

ಅತ್ತೆ ಮೊಬೈಲ್ ನೋಡಿ ಕಣ್ಣರಳಿಸಿದಳು. "ಇದಕ್ಕೆ ಅನಾಹುತ ಅಂತಾರೇನೇ? ನಡಿ, ನಮ್ಮ ಹಲ್ಲು ಬಿಡಿಸಿಕೊಂಡು ಬರೋಣ."

"ಇದು ರೀಫಂಡು ಅತ್ತೆ! ಅಲ್ಲಿ ಯಾವನೋ ಗುಮಾಸ್ತ ಲೆಕ್ಕ ತಪ್ಪಿದಾನೆ. ಇಷ್ಟೂ ದುಡ್ಡು ಅವನ ಸಂಬಳದಲ್ಲಿ ಕಟ್ ಆಗುತ್ತೆ. ಅವನ ಮನೇಲೂ ಒಬ್ಬಳು ಅತ್ತೆ ಇರಲ್ವಾ?"

"ಇರ್ತಾಳೆ. ಅವಳಿಗೂ ಹಲ್ಲಿಲ್ಲ ಅಂತ ಹೇಗೆ ಹೇಳ್ತೀಯ?"

ಹಿಡಿದ ಹಟ ಬಿಡುವವಳಲ್ಲ ಈ ಸೊಸೆ. ಮರುದಿನವೇ ಬ್ಯಾಂಕಿನಿಂದ ದುಡ್ಡು ಬಿಡಿಸಿದಳು. ನೋಟುಗಳು ಸುಕ್ಕಾಗಿದ್ದವು. ಸುಕ್ಕು ನೋಟು ಕೊಡುವುದು ಮರ್ಯಾದೆಯಲ್ಲವೆಂದು ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಒಂದೊಂದಕ್ಕೂ ಇಸ್ತ್ರಿ ಹಾಕಿ, ಗರಿಗರಿಯಾದ ದಿಂಬಿನ ಚೀಲದಲ್ಲಿಟ್ಟುಕೊಂಡು ಹೊರಟಳು. ಅತ್ತೆಯೂ ಜೊತೆಗೆ ಬಂದಳು. ದಾರಿಯುದ್ದಕ್ಕೂ ಅವಳ ಕಣ್ಣು ಆ ಚೀಲದ ಮೇಲೆಯೇ. ದವಾಖಾನೆಯ ಬೀದಿ ಬಂದಾಗ ಬೇಕೆಂದೇ ಕಾಲು ನೋವು ಎಂದು ನಿಂತಳು. ಸೊಸೆ ಕೈಹಿಡಿದು ಎಳೆದುಕೊಂಡು ಹೋದಳು.

ತೆರಿಗೆ ಕಚೇರಿಯ ಗುಮಾಸ್ತ ಗಾಜಿನ ಕಿಂಡಿಯ ಹಿಂದೆ ಕುಳಿತಿದ್ದ. ಅಂಗಿಯ ಕಾಲರ್ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಇಸ್ತ್ರಿ ಅಕ್ಕ ಕೈ ಬಿಗಿಹಿಡಿದುಕೊಂಡಳು. ನಡುವೆ ಗಾಜಿತ್ತು, ಅವನ ಪುಣ್ಯ.

"ತಗೊಳ್ಳಿ ಸಾರ್. ಯಾರಿಗೂ ಹೇಳಲ್ಲ" ಎಂದು ಚೀಲವನ್ನು ಕಿಂಡಿಯೊಳಗೆ ತೂರಿಸಿದಳು.

ಚೀಲದೊಳಗೆ ಇಣುಕಿದ ಗುಮಾಸ್ತ ಕುರ್ಚಿಸಮೇತ ಹಿಂದಕ್ಕೆ ಹಾರಿದ. "ಅಮ್ಮಾ! ಲಂಚ ಗಿಂಚ ಇಲ್ಲಿ ನಡೆಯಲ್ಲ! ಮೊದಲು ತೆಗೀರಿ ಅದನ್ನ!"

"ಲಂಚ ಅಲ್ಲ ಸಾರ್, ರೀಫಂಡು. ನಿಮ್ಮ ಸಂಬಳ ಉಳಿಸೋಣ ಅಂತ ಬಂದೆ."

ತಲೆಬುಡ ತಿಳಿಯದೆ ಅವನು ಅತ್ತೆಯ ಮುಖ ನೋಡಿದ. ಅತ್ತೆ ಬಾಯಿಗೆ ಅಂಗೈ ಅಡ್ಡ ಹಿಡಿದು, "ನನ್ನನ್ನ ಕೇಳಬೇಡಪ್ಪ. ನಾನು ಹಲ್ಲಿನ ಪಾರ್ಟಿ" ಎಂದಳು. ಕರಿಹಲಗೆಯ ಕಥೆ, ಕೋಟಿನ ಕಥೆ, ಡಬ್ಬಿಯಲ್ಲಿ ಕುಳಿತ ಹಲ್ಲಿನ ಕಥೆ ಎಲ್ಲ ಹೊರಬಂತು. ಅವನು ಕಂಪ್ಯೂಟರಿನಲ್ಲಿ ಅವಳ ಲೆಕ್ಕ ತೆಗೆದು ನೋಡಿದ. ಆಮೇಲೆ ಗುಂಡುಪಿನ್ನಿನ ಡಬ್ಬಿ ಎಳೆದುಕೊಂಡ.

"ನೋಡಿ, ಈ ಮೂರು ಪಿನ್ನು ನಿಮ್ಮ ವರ್ಷದ ತೆರಿಗೆ ಅಂತ ಇಟ್ಕೊಳ್ಳಿ. ನಿಮ್ಮ ಮಾಲೀಕರು ತಿಂಗಳು ತಿಂಗಳು ನಿಮ್ಮ ಸಂಬಳದಲ್ಲಿ ಹಿಡಿದು ನಮಗೆ ಕಟ್ಟಿರೋದು ಐದು ಪಿನ್ನು."

"ಹಾಗಾದ್ರೆ ಎರಡು ಜಾಸ್ತಿ" ಎಂದಳು ಅತ್ತೆ ಥಟ್ಟನೆ.

"ಅದು ಹೇಗೂ ಇವರ ದುಡ್ಡೇ, ವಾಪಸ್ ಕೊಡಲೇಬೇಕು. ಇನ್ನೊಂದಿದೆ. ಕಡಿಮೆ ಸಂಬಳದಲ್ಲಿ ವಯಸ್ಸಾದವರನ್ನ ಮನೇಲಿಟ್ಟು ನೋಡ್ಕೊಳ್ಳೋರಿಗೆ ಸರ್ಕಾರ ಒಂದು ರಿಯಾಯಿತಿ ಕೊಡುತ್ತೆ. ಅದು ಏಳು ಪಿನ್ನು. ಅದರಲ್ಲಿ ಮೂರು ನಿಮ್ಮ ತೆರಿಗೆಗೆ ವಜಾ. ತೆರಿಗೆ ಸೊನ್ನೆ ಆಯ್ತು. ಅಂದ್ರೆ ಮಾಲೀಕರು ಕಟ್ಟಿದ ಐದೂ ನಿಮಗೇ ಬಂತು."

"ಉಳಿದ ನಾಲ್ಕು?" ಎಂದಳು ಇಸ್ತ್ರಿ ಅಕ್ಕ.

"ಬೇರೆ ರಿಯಾಯಿತಿ ಆಗಿದ್ರೆ ಸೊನ್ನೆಗೆ ಬಂದ ಮೇಲೆ ಮುಗೀತು, ಉಳಿದದ್ದು ಯಾರಿಗೂ ಇಲ್ಲ. ಇದು ಹಾಗಲ್ಲ. ತೆರಿಗೆ ಕಳೆದು ಉಳಿದದ್ದನ್ನೂ ಕೈಗೇ ಕೊಡ್ತಾರೆ. ಐದೂ ನಾಲ್ಕೂ..."

"ಒಂಬತ್ತು!" ಎಂದು ಅತ್ತೆ ಕಿಂಡಿಯೊಳಗೆ ಕೈ ಹಾಕಿ ಒಂಬತ್ತು ಪಿನ್ನುಗಳನ್ನೂ ಬಾಚಿಕೊಂಡಳು.

"ಅಮ್ಮ, ಪಿನ್ನು ಆಫೀಸಿಂದು" ಎಂದ ಗುಮಾಸ್ತ. ಅತ್ತೆಯ ಭುಜ ಕುಣಿಯಿತು.

ಇಸ್ತ್ರಿ ಅಕ್ಕನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಎಲ್ಲ ಸರಿ. ಆ ನಾಲ್ಕು ಯಾರ ಸಂಬಳದಲ್ಲಿ ಕಟ್ ಆಯ್ತು?"

"ಒಬ್ಬರದ್ದಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಿದ್ದು. ನಂದೂ ಇದೆ, ನಿಮ್ಮದೂ ಇದೆ. ಅಂಗಡೀಲಿ ಸೋಪು ತಗೋತೀರಲ್ಲ, ಅದರ ರೇಟಿನಲ್ಲೂ ತೆರಿಗೆ ಇರುತ್ತೆ."

"ಯಾರೂ ಏನೂ ಸುಟ್ಟಿಲ್ಲ?"

"ಯಾರೂ ಏನೂ ಸುಟ್ಟಿಲ್ಲ."

ಅವಳು ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಗುಮಾಸ್ತ ಕಂಪ್ಯೂಟರಿನತ್ತ ಬಗ್ಗಿ ಹುಬ್ಬು ಗಂಟಿಕ್ಕಿದ. "ಹೋದ ವರ್ಷ ಯಾಕೆ ರಿಟರ್ನ್ಸ್ ಹಾಕಿಲ್ಲ? ಅದರ ಹಿಂದಿನ ವರ್ಷದ್ದೂ ಇಲ್ಲ."

"ಯಾಕೆ ಹಾಕಬೇಕು ಸಾರ್? ಸಂಬಳದಲ್ಲಿ ಕಟ್ ಆದದ್ದು ಕಟ್ ಆದ ಹಾಗೇ ಅಲ್ವಾ? ಲಾಂಡ್ರೀಲಿ ಹಾಗೇ."

"ಅಯ್ಯೋ, ಅದೇ ನೋಡಿ ತಪ್ಪು."

ಇಸ್ತ್ರಿ ಅಕ್ಕ ಸೆಟೆದು ನಿಂತಳು. "ನೋಡಿದ್ರಾ ಅತ್ತೆ, ತಪ್ಪು ಇದ್ದೇ ಇದೆ ಅಂತ ನಾನು ಹೇಳ್ಲಿಲ್ವಾ! ಅದು ಯಾರ ಸಂಬಳದಲ್ಲಿ ಕಟ್ ಆಯ್ತು, ಈಗಲಾದರೂ ಹೇಳಿ."

"ನಿಮ್ಮದರಲ್ಲೇ ಅಮ್ಮ" ಎಂದ ಗುಮಾಸ್ತ. "ಇಷ್ಟು ವರ್ಷವೂ ನಿಮ್ಮದರಲ್ಲೇ. ಆ ಎರಡು ವರ್ಷದ್ದು ಇನ್ನೂ ಕೇಳೋಕೆ ಅವಕಾಶ ಇದೆ. ಅರ್ಜಿ ಕೊಡ್ತೀನಿ, ತುಂಬಿಸಿ ತನ್ನಿ. ಆದರೆ ದಯವಿಟ್ಟು ಬಂದ ದುಡ್ಡನ್ನ ಮತ್ತೆ ತರಬೇಡಿ."

ಇಸ್ತ್ರಿ ಅಕ್ಕ ಕಣ್ಣು ಕಣ್ಣು ಬಿಟ್ಟಳು. ದುಡ್ಡು ಕೊಡಲು ಬಂದವಳಿಗೆ ಇನ್ನೂ ದುಡ್ಡು ಬರುವುದಿದೆಯಂತೆ! ಆ ಸಂತೋಷಕ್ಕೆ ಏನು ಮಾಡಬೇಕೋ ತೋಚದೆ, ಕಿಂಡಿಯಲ್ಲಿ ಮೊಣಕೈವರೆಗೂ ತೋಳು ತೂರಿಸಿ ಗುಮಾಸ್ತನ ಕಾಲರನ್ನು ಸರಿಮಾಡಿಯೇಬಿಟ್ಟಳು. ಸಾಲಿನಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಚೀಲ ಎತ್ತಿಕೊಂಡು ಅಲ್ಲಿಂದ ಅತ್ತೆ ಸೊಸೆ ನಡೆದರೋ ಓಡಿದರೋ ಅವರಿಗೇ ನೆನಪಿಲ್ಲ. ಕಾಲುನೋವೆಂದು ನಿಂತಿದ್ದ ಅತ್ತೆಯೇ ಈಗ ಮುಂದೆ. ದವಾಖಾನೆಯಲ್ಲಿ ಗರಿಗರಿ ನೋಟುಗಳನ್ನು ಕೈಗಿತ್ತಾಗ ಹಲ್ಲಿನ ಡಾಕ್ಟರು ಅವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಡಬ್ಬಿ ಬಂತು. ಅತ್ತೆ ಹಲ್ಲು ಕಟ್ಟಿಸಿಕೊಂಡು, ಕನ್ನಡಿಯಲ್ಲಿ ನೋಡಿ, ತುಟಿ ಬಿಗಿದುಕೊಂಡಳು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮನೆಗೆ ಬಂದ ಮೇಲೂ ಹಾಗೇ ಕುಳಿತಳು. ಇಸ್ತ್ರಿ ಅಕ್ಕನಿಗೆ ಜೀವ ಬಾಯಿಗೆ ಬಂತು.

"ಯಾಕತ್ತೆ? ಒತ್ತುತ್ತಾ? ನೋಯುತ್ತಾ? ಚೆನ್ನಾಗಿಲ್ವಾ?"

ಅತ್ತೆ ಅಲ್ಲವೆಂದು ತಲೆಯಾಡಿಸಿ, ಬಿಗಿದ ಮುಷ್ಟಿಯನ್ನು ಸೊಸೆಯ ಮುಂದೆ ಚಾಚಿ ನಿಧಾನವಾಗಿ ಬಿಡಿಸಿದಳು. ಅಂಗೈಯಲ್ಲಿ ಒಂಬತ್ತು ಗುಂಡುಪಿನ್ನುಗಳು.

"ಇವನ್ನ ಕೊಡೋದೇ ಮರೆತೆ ಕಣೇ" ಎಂದಳು ಅತ್ತೆ. "ಪಾಪ, ಆ ಹುಡುಗನ ಸಂಬಳದಲ್ಲಿ ಕಟ್ ಮಾಡ್ತಾರೇನೋ!"

ಸೊಸೆ ಕಿಸಕ್ಕೆಂದಳು. ಅಷ್ಟೇ ಸಾಕಾಯಿತು. ಅತ್ತೆಯ ಅಂಗೈ ಪಿನ್ನುಗಳಿಂದ ತುಂಬಿತ್ತು, ಬಾಯಿಗೆ ಅಡ್ಡ ಹಿಡಿಯಲು ಪುರುಸೊತ್ತಾಗಲಿಲ್ಲ. ಎಷ್ಟೋ ತಿಂಗಳಿಂದ ಒಳಗೇ ಕೂಡಿಟ್ಟ ನಗುವೆಲ್ಲ ಹೊಸ ಹಲ್ಲುಗಳ ನಡುವಿನಿಂದ ಒಮ್ಮೆಲೇ ಹೊರಬಂತು. ಪಾತ್ರೆಗಳು ಅಲುಗಾಡಿದವು. ಇಸ್ತ್ರಿ ಅಕ್ಕ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೂ ತಿಳಿಯಲಿಲ್ಲ.

ಆಗ ಮೇಲಿನ ಮನೆಯಿಂದ ದಬದಬ ಸದ್ದು ಕೇಳಿಸಿತು. ಟೈಲರ್ ಮೂಲೆಯಿಂದ ಕೋಲು ತೆಗೆದಿದ್ದ.