ಖಿಮ್ ಅಜ್ಜಿಯ ಶಾವಿಗೆ ತೀರ್ಪು

ತೈನಾನ್ ಊರಿನ ಈ ಗಲ್ಲಿಯಲ್ಲಿ ಯಾರೇ ಜಗಳವಾಡಲಿ, ಖಿಮ್ ಅಜ್ಜಿಯ ತೀರ್ಪು ಒಂದೇ: ತಪ್ಪು ಮಾಡಿದವರು ಕೇಡು ಕಳೆಯುತ್ತದೆಂದು ನಂಬುವ ಹಂದಿಕಾಲಿನ ಶಾವಿಗೆ ಬೇಯಿಸಿ, ನೊಂದವರ ಮನೆಗೆ ತಾವೇ ಹೊತ್ತೊಯ್ಯಬೇಕು. ತೀರ್ಪು ಹೇಳುತ್ತಾ ಅವಳು ಚಪ್ಪಲಿಯಲ್ಲಿ ನೆಲ ಕುಟ್ಟಿದರೆ, ಏನೂ ಮಾಡದ ಬೆಕ್ಕೂ ತಪ್ಪಾಯಿತೆಂದು ತಲೆ ತಗ್ಗಿಸುತ್ತದೆ. "ಇವನ ನಾಯಿ ನನ್ನ ಕೋಳಿ ತಿಂತು ಅಜ್ಜಿ, ಎಲ್ಲರೆದುರು ಮಂಡಿಯೂರಿಸು!" ಎಂದು ಮೀನು ಮಾರುವ ಬೂನ್ ಕೂಗಿದರೆ, "ಶಾವಿಗೆ ನಿನ್ನ ಕೋಳಿಗಾಯ್ತು. ಮಂಡಿ ಬೇಕಾಗಿರೋದು ನಿನ್ನ ಸಿಟ್ಟಿಗೆ. ಅದಕ್ಕೆ ತಣ್ಣೀರು ಕುಡಿಯೋ," ಎನ್ನುತ್ತಾಳೆ. ಅವಳ ಗಂಡನನ್ನು ಲಾರಿ ಗುದ್ದಿಸಿ ಕೊಂದ ಚಾಲಕ, ಜೈಲು ಮುಗಿಸಿದ ಮೇಲೂ ಏಳು ವರ್ಷ ತಪ್ಪದೆ ಆ ಸಾವಿನ ದಿನವೇ ಶಾವಿಗೆ ಬಟ್ಟಲು ಹಿಡಿದು ಬಂದ. ಈ ಸಲ ಅಜ್ಜಿ ಕೊನೆಯ ಎಳೆಯನ್ನೂ ತಿಂದು ಬಾಯೊರೆಸಿಕೊಂಡಳು. "ನಿನ್ನ ಋಣ ತೀರಿತು ಮಗಾ. ಇನ್ನು ತಿಂದ್ರೆ ನಂಗೆ ಅರಗಲ್ಲ. ಮುಂದಿನ ವರ್ಷ ಹೆಂಡ್ತೀನ ಕರ್ಕೊಂಡು ಬರಿಗೈಲಿ ಬಾ, ಅಡುಗೆ ನಂದು."