ಮುನಿಗೆ ಕೇಳಿಸುತ್ತಿದ್ದ ಸದ್ದು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತು ತೆಗೆದರೆ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆಯುವ ಪೈಕಿ ನಾನು. ಕೆಜಿಎಫ್‌ನಲ್ಲಿ ಹುಟ್ಟಿದವರಿಗೆ ಇಂಥ ಕತೆಗಳಿಗೇನೂ ಬರವಿಲ್ಲ. ಮುಚ್ಚಿದ ಗಣಿಯ ಹತ್ತಿರ ದೀಪ ಓಡಾಡುವುದನ್ನು ಕಂಡವರು, ಸತ್ತ ಗಂಡನ ಕೆಮ್ಮು ಕೇಳಿದವರು ನಮ್ಮ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನಲ್ಲೇ ಮನೆಗೊಬ್ಬರಿದ್ದರು. ಅವರು ಸುಳ್ಳು ಹೇಳುತ್ತಾರೆಂದು ನನಗೆ ಅನ್ನಿಸಿರಲಿಲ್ಲ, ಪಾಪ, ಮಾಡಲು ಕೆಲಸವಿಲ್ಲ ಅನ್ನಿಸಿತ್ತು. ಈಗ ನಾನೇ ಬರೆಯಲು ಕೂತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು.

ಮುನಿರಾಜು ನನ್ನ ಒಬ್ಬನೇ ತಮ್ಮ. ನನ್ನ ಸೊಂಟದ ಮೇಲೆ ಬೆಳೆದವನು, ಬಾಯಿ ತೆರೆದರೆ ತಮಾಷೆ. ಬೆಂಗಳೂರಿನ ಯಾವುದೋ ಗೋದಾಮಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ. ಅಮ್ಮ ತೀರಿಕೊಂಡ ವರ್ಷ ಅವನ ಪಾಳಿ ವಾರವಾರಕ್ಕೂ ಬದಲಾಗುತ್ತಿತ್ತು. ನಿದ್ದೆಯೆಂದರೆ ರೈಲಿನ ಕಿಟಕಿಗೆ ತಲೆ ಆನಿಸಿದಷ್ಟೇ ಹೊತ್ತು. ಮೆಲ್ಲಗೆ ಅವನ ಮಾತು ನಿಂತಿತು. ಕಾಮಸಮುದ್ರದಲ್ಲಿ ಮದುವೆಗೆ ಗೊತ್ತುಮಾಡಿದ್ದ ಹೆಣ್ಣನ್ನು ಬೇಡವೆಂದ. ಒಂದು ದಿನ ತಟ್ಟೆಯ ಮುಂದೆ ಕೂತವನು ತುತ್ತು ಕೆಳಗಿಟ್ಟು, “ಅಪ್ಪಾ, ಕೆಳಗಿಂದ ಯಾರೋ ಪೈಪು ಬಡೀತಾವ್ರೆ” ಅಂದ.

ಬೇರೆ ಊರಿನ ಮನೆಯಾಗಿದ್ದರೆ ಅವತ್ತೇ ಗಾಬರಿಯಾಗುತ್ತಿದ್ದರು. ನಮ್ಮ ಮನೆಯಲ್ಲಿ ಆಗಲಿಲ್ಲ. ಅಪ್ಪ ಗಣಿಯೊಳಗೆ ಕೆಲಸ ಮಾಡಿದವರು. ಒಳಗೆ ಬಂಡೆ ಕುಸಿದರೆ ಸಿಕ್ಕಿಕೊಂಡವರು ಕಲ್ಲಿನಿಂದ ಗಾಳಿ ಪೈಪನ್ನು ಬಡಿಯುತ್ತಾರೆ, ಕೇಳಿಸಿಕೊಂಡವರು ತಿರುಗಿ ಬಡಿದು ‘ಗೊತ್ತಾಯಿತು, ಬರುತ್ತಿದ್ದೇವೆ’ ಎಂದು ತಿಳಿಸಬೇಕು. ಉತ್ತರ ಕೊಡದೆ ಹೋಗುವುದು ಅಪ್ಪನ ಕಣ್ಣಿನಲ್ಲಿ ಮಹಾಪಾಪ. “ಯಾವ ಕಡೆಯಿಂದ್ಲಾ?” ಎಂದು ಕೇಳಿ, ಹಾರೆ ತಂದು, ನೆಲವನ್ನು ಕುಟ್ಟಿಯೇ ಬಿಟ್ಟರು. ಆಮೇಲೆ ಅದೇ ಅಭ್ಯಾಸವಾಯಿತು. ಮಗ ಕೇಳಿಸಿತು ಎನ್ನುವುದು, ಅಪ್ಪ ಕುಟ್ಟುವುದು. ಕಾಯಿಲೆಯೆಂದು ಯಾರಿಗೂ ಹೊಳೆಯಲಿಲ್ಲ. ಗಣಿಯೊಳಗೆ ಬಂಡೆ ಸಿಡಿದು ನಮ್ಮೂರಿನ ನೆಲ ಆಗಾಗ ನಡುಗುವುದೂ ಪಾತ್ರೆ ಸದ್ದು ಮಾಡುವುದೂ ಇದ್ದದ್ದೇ ಅಲ್ಲವೇ?

ಕೆಳಗೆ ಅಮ್ಮನೂ ಇದ್ದಾಳೆ, ಕರೆಯುತ್ತಿದ್ದಾಳೆ ಎಂದು ಮುನಿ ಅಡುಗೆಮನೆಯ ನೆಲ ಅಗೆಯಲು ಹೊರಟಾಗ ಪಕ್ಕದ ಮನೆಯ ಸೆಲ್ವಿ ನನಗೆ ಫೋನ್ ಮಾಡಿದಳು. ನಾನು ಮದುವೆಯಾಗಿ ಬಂಗಾರಪೇಟೆಯಲ್ಲಿದ್ದೆ. ಓಡಿ ಬಂದು, ಅಪ್ಪನನ್ನೂ ಅವನನ್ನೂ ಕೋಲಾರಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಬೂದಿಕೋಟೆಯಲ್ಲಿದ್ದ ನಮ್ಮ ಚಿಕ್ಕಪ್ಪ ಹೊಲದಲ್ಲಿ ಒಬ್ಬನೇ ನಿಂತು ಯಾರ ಜೊತೆಗೋ ವಾದ ಮಾಡುತ್ತಿದ್ದ, ನಾವು ಅವನಿಗೆ ‘ಸಾಮಿ’ ಎಂದು ಹೆಸರಿಟ್ಟು ಸುಮ್ಮನಾಗಿದ್ದೆವು. ಕೆಲವರು ಹುಟ್ಟಿನಿಂದಲೇ ಈ ವಿಷಯದಲ್ಲಿ ಸ್ವಲ್ಪ ನಾಜೂಕು, ಅಷ್ಟಕ್ಕೇ ಏನೂ ಆಗದೆಯೂ ಇರಬಹುದು, ಅದರ ಮೇಲೆ ಸಾವು, ನಿದ್ದೆಗೇಡು, ಚಿಂತೆ ಎಲ್ಲ ಒಟ್ಟಿಗೆ ಬಿದ್ದಾಗ ಹೀಗಾಗಬಹುದು, ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. ಅಪ್ಪ, “ಅಂಗಾದ್ರೆ ಬಂಡೇಲಿ ಸಣ್ಣ ಬಿರುಕು ಮೊದ್ಲೇ ಇತ್ತು, ಮೇಲಿಂದ ಭಾರ ಬಿತ್ತು. ಆಸರೆ ಕೊಟ್ರೆ ನಿಲ್ತದಾ ಸಾರ್?” ಅಂದರು. ಡಾಕ್ಟರು ನಕ್ಕು, ನಿಲ್ಲುತ್ತದೆ ಎಂದರು.

ಆಸರೆ ಕೊಟ್ಟೆವು. ಮಾತ್ರೆ, ಹೊತ್ತಿಗೆ ಸರಿಯಾಗಿ ನಿದ್ದೆ, ಪೇಟೆಯ ಅಂಗಡಿಯೊಂದರಲ್ಲಿ ಹಗಲು ಕೆಲಸ, ಜೊತೆಗೆ ನನ್ನ ಬೈಗುಳ. ಸದ್ದು ಕೇಳಿಸಿದಾಗಲೆಲ್ಲ ಮುನಿ ನನಗೆ ಫೋನ್ ಮಾಡುತ್ತಿದ್ದ. “ಅದು ಕಾಯಿಲೆಯ ಸದ್ದು ಕಣೋ, ನೆಲದ್ದಲ್ಲ. ಮಾತ್ರೆ ನುಂಗು” ಅನ್ನುತ್ತಿದ್ದೆ. ಆ ಒಂದು ಮಾತಿನ ಮೇಲೆ ನಂಬಿಕೆಯಿಟ್ಟು ಅವನು ನುಂಗುತ್ತಿದ್ದ. ಸದ್ದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ತಮಾಷೆಯೂ ವಾಪಸು ಬಂತು.

ನಾನು ಹೇಳಬೇಕಾದದ್ದು ನಡೆದದ್ದು ಇದಾದ ಮೇಲೆ, ಅವರೆಕಾಯಿ ಕಾಲದ ಒಂದು ಭಾನುವಾರ ಮಧ್ಯಾಹ್ನ. ಅಪ್ಪ ಬೂದಿಕೋಟೆಗೆ ಹೋಗಿದ್ದರು. ನನ್ನ ಗಂಡನಿಗೆ ಆಪರೇಷನ್ ಆಗಿ, ಆಸ್ಪತ್ರೆಗೂ ಮನೆಗೂ ಅಲೆದು, ನಾನು ನೆಟ್ಟಗೆ ನಿದ್ದೆ ಮಾಡಿ ಎಷ್ಟೋ ದಿನವಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ, ಓದುವವರು ಲೆಕ್ಕಕ್ಕೆ ಹಿಡಿಯಲಿ. ತವರಿನ ಅಡುಗೆಮನೆಯ ನೆಲದ ಮೇಲೆ ನಾನೂ ಮುನಿಯೂ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಆಗ ಕೆಳಗಿನಿಂದ ಕೇಳಿಸಿತು. ಕಬ್ಬಿಣಕ್ಕೆ ಕಲ್ಲು ತಾಗಿದಂತೆ ಎರಡು ಪೆಟ್ಟು, ಸ್ವಲ್ಪ ಬಿಟ್ಟು ಮತ್ತೆ ಎರಡು. ಮುನಿ ಹಿಂದೆ ಹೇಳುತ್ತಿದ್ದದ್ದೂ ಹೀಗೇ. ಸದ್ದು ಕಿವಿಗಿಂತ ಮೊದಲು ಹಿಮ್ಮಡಿಗೆ ಗೊತ್ತಾಯಿತು.

ಎದ್ದು ಫ್ಯಾನ್ ಆರಿಸಿದೆ. ನಲ್ಲಿ ನೋಡಿದೆ, ಮುಚ್ಚಿತ್ತು. ಹೊರಗೆ ಬಂದರೆ ಸೆಲ್ವಿ ಬಟ್ಟೆ ಒಣಗಿಸುತ್ತಿದ್ದಳು. “ಎನ್ನಕ್ಕಾ, ಎನ್ನ ತೇಡ್ರೀಂಗ?” ಏನು ಹುಡುಕುತ್ತಿದ್ದೀರಿ ಎಂದು ಅವಳೇ ಕೇಳಿದಳು. ಏನಾದರೂ ಸದ್ದಾಯಿತೇ ಎಂದೆ. ಇಲ್ಲವೆಂದಳು. ಒಳಗೆ ಬಂದು ಕೂತೆ. ಮತ್ತೆ ಎರಡು ಪೆಟ್ಟು.

ಭಯವಾಯಿತು, ಯಾಕೆ ಸುಳ್ಳು ಹೇಳಲಿ? ಚಿಕ್ಕಪ್ಪನ ರಕ್ತ ನನ್ನಲ್ಲೂ ಇದೆ. ಆದರೆ ಅದಕ್ಕಿಂತ ದೊಡ್ಡ ಭಯ ಎದುರಿಗೆ ಕೂತಿದ್ದವನ ಬಗ್ಗೆ. ಸದ್ದು ನನಗೂ ಕೇಳಿಸಿತೆಂದರೆ, ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳೆಂದು ಅವನು ಮಾತ್ರೆ ಬಿಟ್ಟರೆ? ಬಾಯಿ ಬಿಗಿಹಿಡಿದು ಅವರೆಕಾಯಿ ಎತ್ತಿಕೊಂಡೆ. ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದೆನಂತೆ.

“ಯಾಕಕ್ಕ, ಮೊಕ ಇಂಗಾಗೈತೆ?” ಅಂದ ಮುನಿ.

“ಏನಿಲ್ಲ, ಕಾಲು ಜೋಮು.”

“ನಿಂಗೆ ಸುಳ್ಳು ಏಳಕ್ಕೆ ಬರಲ್ಲ.” ಪಾತ್ರೆಯಿಂದ ಸಿಪ್ಪೆ ಆರಿಸಿ ತೆಗೆಯುತ್ತಾ ಹೇಳಿದ, “ನಿಂಗೆ ಕೇಳಿಸಿದ್ರೆ ಕೇಳಿಸ್ಲಿ ಬಿಡಕ್ಕ. ನಾನು ಮಾತ್ರೆ ಬಿಡಲ್ಲ. ಕೆಳಗೆ ನಿಜವಾಗ್ಲೂ ಯಾರಾದ್ರೂ ಇದ್ರೂ ಅವ್ರ ಪಾಡಿಗೆ ಅವ್ರಿರ್ಲಿ. ನಂಗೆ ನಿದ್ದೆ ಬೇಕು.”

ನನಗೆ ಅಳು ತಡೆಯಲಾಗಲಿಲ್ಲ. ಮೂಗೊರೆಸಿಕೊಂಡು, “ನಿಂಗೂ ಕೇಳಿಸ್ತೇನೋ ಈಗ?” ಅಂದೆ.

“ಅದು ಮಾತ್ರ ಏಳಲ್ಲ” ಅಂದ. “ಊಂ ಅಂದ್ರೂ ನಿಂಗೆ ಭಯ, ಇಲ್ಲ ಅಂದ್ರೂ ನಿಂಗೆ ಭಯ.”

ಸದ್ದು ಆಮೇಲೆ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನಿದ್ದೆಗೆಟ್ಟವರಿಗೆ ಇಲ್ಲದ್ದು ಕೇಳಿಸುವುದುಂಟು, ಮತ್ತೆ ಕೇಳಿಸಿದರೆ ತಡಮಾಡದೆ ಬನ್ನಿ ಎಂದರು. ಗಣಿಯಲ್ಲಿ ನೀರು ತುಂಬಿದೆ, ಹಳೆಯ ಪೈಪು ಅಲುಗಿರಬೇಕು ಎಂದು ಅಪ್ಪ. ಹಾಗಾದರೆ ಸೆಲ್ವಿಗೇಕೆ ಕೇಳಿಸಲಿಲ್ಲ? ನನ್ನ ತಲೆಯೊಳಗಿನ ಸದ್ದಾಗಿದ್ದರೆ ಹಿಮ್ಮಡಿಗೆ ಹೇಗೆ ತಗುಲಿತು?

ಮುನಿಯನ್ನು ಮಾತ್ರ ಮತ್ತೆ ಕೇಳಿಲ್ಲ. ಅವನಿಗೂ ಕೇಳಿಸಿತ್ತು ಎಂದರೆ ನನ್ನ ತಲೆ ನೆಟ್ಟಗಿದೆ ಎಂದು ನಾನು ನಿರಾಳವಾಗಬಹುದು, ಆದರೆ ಅವನ ಕಾಯಿಲೆ ಮರಳಿತೇನೋ ಎಂಬ ಭಯ. ಕೇಳಿಸಿರಲಿಲ್ಲ ಎಂದರೆ ಅವನು ಆರಾಮ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ, ನನಗೊಬ್ಬಳಿಗೇ ಕೇಳಿಸಿತು ಎಂದೇ ಇರಲಿ.