ಗಿಡ್ಡ ತಳಿ ಮತ್ತು ಅಮ್ಮನ ಹರಕೆ

ಊರಿನವರೆಲ್ಲ ಕೋಳಿ ದೊಡ್ಡದಾಗಲಿ ಎಂದು ಸಾಕುತ್ತಿದ್ದ ಕಾಲದಲ್ಲಿ ನಾನು ಸಣ್ಣದಾಗಲಿ ಎಂದು ಸಾಕುತ್ತಿದ್ದೆ. ಆಗ ನಾನು ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅಲ್ಲಿನ ಬಿಳಿಯ ದೊರೆ ತಮ್ಮ ಸೀಮೆಗೆ ವಾಪಸಾಗುವಾಗ ತಮ್ಮ ಒಂದು ಜೋಡಿ ಬ್ಯಾಂಟಮ್ ಕೋಳಿಗಳನ್ನು ನನಗೆ ಕೊಟ್ಟು ಹೋದರು. ಪಾರಿವಾಳಕ್ಕಿಂತ ತುಸು ದೊಡ್ಡವು, ಅಷ್ಟೆ. ಅಂದಿನಿಂದ ನನಗೆ ಅದೇ ಹುಚ್ಚು. ಹುಟ್ಟಿದ ಮರಿಗಳಲ್ಲಿ ಕಾಲು ಗಿಡ್ಡವಾದದ್ದು, ಎದೆ ಉಬ್ಬಿದ್ದು, ಕಿವಿಯ ತೊಗಲು ಬೆಳ್ಳಗಿದ್ದದ್ದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಸಾರಿನ ಪಾತ್ರೆಗೆ ಕಳಿಸುತ್ತಿದ್ದೆ. ತಳಿ ಕೆಡಬಾರದೆಂದು ಊರಕೋಳಿಗಳನ್ನೆಲ್ಲ ಮಾರಿಬಿಟ್ಟೆ. ಹಳೆಯ ಹುಂಜ ಸತ್ತ ಮೇಲೆ ಉಳಿದದ್ದು ಅದರ ಮೊಮ್ಮಗ. ಗೇಣುದ್ದದ ದೇಹ, ಗತ್ತು ಮಾತ್ರ ಊರಾಳುವ ಗುತ್ತುಮನೆಯ ಯಜಮಾನರದು. ಇಂಥ ಹುಂಜ ಮಂಗಳೂರಿನಲ್ಲೇ ಇಲ್ಲವೆಂದು ದಾರಿಹೋಕರನ್ನು ಕರೆದು ಹೇಳುತ್ತಿದ್ದೆ.

ಅಷ್ಟರಲ್ಲಿ ನನಗೆ ಟೈಫಾಯ್ಡ್ ಬಂತು. ಅಮ್ಮ ಹೆದರಿ, ಮಗ ಎದ್ದು ಕುಳಿತರೆ ಮನೆಯ ಅತ್ಯುತ್ತಮ ಹುಂಜವನ್ನು ಒಪ್ಪಿಸುತ್ತೇನೆಂದು ದೈವಕ್ಕೆ ಹರಕೆ ಹೇಳಿಕೊಂಡರು. ನಾನು ಎದ್ದು ಕುಳಿತೆ. ಮನೆಯಲ್ಲಿದ್ದದ್ದು ಅದೊಂದೇ ಹುಂಜ.

ಹರಕೆಯ ದಿನ ಗೊತ್ತುಮಾಡಲು ಸೋದರಮಾವ ಬಂದರು. ನಾನು ಗಂಜಿಯ ಬಟ್ಟಲು ಬದಿಗಿಟ್ಟು ವಾದಕ್ಕಿಳಿದೆ.

“ಮಾವ, ಅದು ಒಳ್ಳೆಯ ಹುಂಜವೇ ಅಲ್ಲ. ಜುಟ್ಟು ಓರೆ ಉಂಟು. ಎಡಗಾಲಿನ ಬೆರಳು ನೋಡಿ, ಸೊಟ್ಟ.”

“ಇದರಂಥದ್ದು ಎಲ್ಲಿಯೂ ಇಲ್ಲ ಅಂತ ಊರಿಡೀ ಹೇಳಿದ್ದು ಯಾರು ಹಾಗಾದ್ರೆ?”

“ಸುಳ್ಳು ಹೇಳಿದ್ದು ಮಾವ.”

ಅಮ್ಮ ಹುಂಜವನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿದರು. “ಇದನ್ನು ಕೊಟ್ರೆ ದೈವ ಎಂತ ಎಣಿಸೀತು? ನನ್ನ ಮಗನ ಬೆಲೆ ಇಷ್ಟೆಯಾ?”

ಹುಂಜ ಬದುಕಿತೆಂದು ನಾನು ಸಂತೋಷಪಡಬೇಕಿತ್ತು. ಬಂದದ್ದು ಸಿಟ್ಟು. ಬ್ಯಾಂಟಮ್ಮನ್ನು ತೂಕದಿಂದ ಅಳೆಯುವುದೇ! ಅದರ ಎದೆಯ ಅಂದವನ್ನು ಹೊಗಳಲು ಬಾಯಿ ತೆರೆದೆ. ಹಿಂದೆ ನಿಂತಿದ್ದ ಹೆಂಡತಿ ಬಲವಾಗಿ ಚಿವುಟಿದಳು.

ಮಾವನೇ ದಾರಿ ತೋರಿಸಿದರು. ದೊಡ್ಡದೊಂದು ಹುಂಜ ತಂದು, ಹರಕೆಯ ದಿನದವರೆಗೆ ನಮ್ಮ ಅಂಗಳದಲ್ಲಿ ನಮ್ಮ ಅಕ್ಕಿ ತಿಂದರೆ ಅದೂ ಮನೆಯ ಹುಂಜವೇ. ಕೂಳೂರಿನಿಂದ ಕೆಂಪು ಹುಂಜ ಬಂತು. ಕೋಳಿಕಟ್ಟದ ಕಾಳಗದಲ್ಲಿ ಗೆದ್ದದ್ದು, ಮೊಣಕಾಲೆತ್ತರ. ಅದನ್ನು ನೋಡಿದ್ದೇ ನನಗೆ ತಳಿಯ ಚಿಂತೆ ಹತ್ತಿತು.

“ಅಮ್ಮ, ಅದನ್ನು ಕಟ್ಟಿ ಹಾಕುವ.”

“ಬಾಯಿ ಮುಚ್ಚು. ದೈವದ ಹುಂಜವನ್ನು ಕಟ್ಟುವುದಾ?”

ನನ್ನ ಹೇಂಟೆಗಳನ್ನಾದರೂ ಗೂಡಿನಲ್ಲಿಡು ಎಂದು ಹೆಂಡತಿಗೆ ಹೇಳಿದೆ. ಅವಳು ಇಟ್ಟರೆ, ಪಾಪ ಅವು ಎಂದು ಅಮ್ಮ ಹೊರಗೆ ಬಿಡುತ್ತಿದ್ದರು. ನನಗೋ ಜಗಲಿ ಇಳಿಯುವ ತ್ರಾಣವಿಲ್ಲ. ಜಗಲಿಯ ಮಂಚದ ಮೇಲಿಂದಲೇ ಕೊಡೆ ಬೀಸಿ ಹುಶ್ ಹುಶ್ ಎಂದು ಗಂಟಲು ಹರಿದುಕೊಂಡೆ. ನನ್ನ ಗತ್ತಿನ ಹುಂಜ ಅದೇ ಮಂಚದ ಅಡಿಯಲ್ಲಿ ಅಡಗಿತ್ತು. ಕೆಂಪು ಹುಂಜ ಅಂಗಳದಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿ, ಹರಕೆಯ ದಿನ ಮರ್ಯಾದೆಯಿಂದ ಹೋಯಿತು.

ಮುಂದೆ ಮರಿಗಳಾದವು. ಬೆಳೆದಂತೆ ಉದ್ದ ಕಾಲು, ಉದ್ದ ಕತ್ತು, ಕೆಂಪು ಕಿವಿ. ವರ್ಷಗಟ್ಟಲೆ ಮಾಡಿದ್ದು ನೀರಿನಲ್ಲಿ ಹೋಮವಾಯಿತು. ನಿಜವಾಗಿ ಅಳು ಬಂತು. ಅಮ್ಮ ಅವುಗಳ ನಡುವೆ ಕುಳಿತು ನುಚ್ಚು ಚೆಲ್ಲುತ್ತಿದ್ದರು. ನಾನು ಕಾಯಿಲೆ ಬಿದ್ದ ಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವನ್ನು ಕಂಡಿರಲಿಲ್ಲ.

“ನೋಡಿದೆಯಾ ಮಗಾ,” ಎಂದರು. “ದೈವ ನಿನ್ನನ್ನೂ ಎಬ್ಬಿಸಿತು, ನಿನ್ನ ಕೋಳಿಗಳನ್ನೂ ಸರಿ ಮಾಡಿತು.”